ಬಾಗಿದ ಕೈಕಾಲಿನ ಕಂದ: ಅಲ್ಲಾಹನ ಅಮಾನತ್ತು

ಕೆಲವು ಶಿಶುಗಳು ಮಡಚಿದ ಮಣಿಕಟ್ಟು, ಬಿಗಿದ ಮೊಣಕಾಲು, ಒಳಕ್ಕೆ ತಿರುಗಿದ ಪಾದಗಳೊಂದಿಗೆ ಹುಟ್ಟುತ್ತವೆ. ಸಂಭ್ರಮದ ಮನೆ ಮೌನವಾಗುತ್ತದೆ. ಮರುದಿನವೇ ಪಿಸುಮಾತು ಶುರು: ‘ತಾಯಿ ಗ್ರಹಣದ ಹೊತ್ತಿಗೆ ಹೊರಗೆ ಹೋಗಿದ್ದಳಂತೆ’, ‘ಯಾರ ಪಾಪವೋ!’

ಪ್ರಿಯ ಓದುಗರೇ, ಈ ಮಾತುಗಳಿಗೆ ಇಸ್ಲಾಮಿನಲ್ಲಿ ಆಧಾರವಿಲ್ಲ. ಪ್ರವಾದಿವರ್ಯರ(ಸ) ಪುತ್ರ ಇಬ್ರಾಹೀಮ್ ಮೃತನಾದ ದಿನ ಸೂರ್ಯಗ್ರಹಣವಾಯಿತು. ಜನರು ಎರಡಕ್ಕೂ ಸಂಬಂಧ ಕಲ್ಪಿಸಿದರು. ಯಾರ ಮರಣಕ್ಕಾಗಲಿ ಜೀವಕ್ಕಾಗಲಿ ಗ್ರಹಣವಾಗುವುದಿಲ್ಲ, ಸೂರ್ಯಚಂದ್ರರು ಅಲ್ಲಾಹನ ದೃಷ್ಟಾಂತಗಳು ಮಾತ್ರ ಎಂದು ಪ್ರವಾದಿವರ್ಯರು(ಸ) ಅವರನ್ನು ತಿದ್ದಿದರು. ಗರ್ಭದಲ್ಲಿ ರೂಪ ಕೊಡುವವನು ಅಲ್ಲಾಹನೇ ಎಂದು ಪವಿತ್ರ ಕುರ್‌ಆನ್ ಕಲಿಸುತ್ತದೆ. ಹಾಗಿರುವಾಗ ಬಾಣಂತಿಯನ್ನು ದೂಷಿಸುವುದು ಅನ್ಯಾಯವಲ್ಲವೇ?

ವೈದ್ಯರು ಈ ಸ್ಥಿತಿಯನ್ನು ಆರ್ಥ್ರೋಗ್ರೈಪೋಸಿಸ್ ಎನ್ನುತ್ತಾರೆ. ಸುಮಾರು 3000 ಶಿಶುಗಳಲ್ಲಿ ಒಂದಕ್ಕೆ ಇದು ಇರುತ್ತದೆ. ಗರ್ಭದಲ್ಲಿ ಮಗುವಿನ ಚಲನೆ ಕಡಿಮೆಯಾದಾಗ ಕೀಲುಗಳು ಬಿಗಿಯುತ್ತವೆ. ಚಲನೆ ಕಡಿಮೆಯಾಗಲು ಕಾರಣಗಳು ಹಲವು. ಹೆಚ್ಚಾಗಿ ಕಾಣುವ ಬಗೆಯಲ್ಲಿ ಮಗುವಿನ ಬುದ್ಧಿಗೆ ಸಾಮಾನ್ಯವಾಗಿ ಕುಂದಿರುವುದಿಲ್ಲ.

ಚಿಕಿತ್ಸೆ ಪಡೆಯುವುದು ಪ್ರವಾದಿಚರ್ಯೆ. ಅದನ್ನು ತವಕ್ಕುಲ್‌ಗೆ ವಿರುದ್ಧವೆಂದು ತಿಳಿಯಬಾರದು. ಆದ್ದರಿಂದ:

1. ಮೊದಲ ವಾರಗಳಲ್ಲೇ ಮಗುವನ್ನು ಮೂಳೆ ತಜ್ಞರಿಗೆ ತೋರಿಸಿರಿ. ಕೀಲುಗಳನ್ನು ಮೆಲ್ಲನೆ ಚಾಚುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರಿಂದ ಕಲಿತು ದಿನವೂ ಮಾಡಿಸಿರಿ.

2. ಎಣ್ಣೆ ಹಚ್ಚಿ ಮೀಯಿಸುವಾಗ ಬಿಗಿದ ಕೈಕಾಲನ್ನು ಬಲವಂತವಾಗಿ ನೆಟ್ಟಗೆ ಮಾಡಬೇಡಿರಿ. ಎಳೆಯ ಮೂಳೆ ಮುರಿಯಬಹುದು.

3. ಬಾಗಿದ ಪಾದಕ್ಕೆ ವಾರಕ್ಕೊಮ್ಮೆ ಬದಲಿಸುವ ಪ್ಲಾಸ್ಟರ್ ಹಾಕುತ್ತಾರೆ. ಬೆರಳುಗಳು ಊದಿಕೊಂಡರೆ ಅಥವಾ ನೀಲಿಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

4. ಅಂಗಿ ತೊಡಿಸುವಾಗ ಹೆಚ್ಚು ಬಿಗಿದ ಕೈಯನ್ನು ಮೊದಲು ತೂರಿಸಿರಿ, ತೆಗೆಯುವಾಗ ಕೊನೆಗೆ ತೆಗೆಯಿರಿ.

ಮಗುವನ್ನು ಬಚ್ಚಿಡಬೇಡಿರಿ. ಕಿವಿಯಲ್ಲಿ ಅದಾನ್ ಹೇಳಿರಿ. ಏಳನೆಯ ದಿನ ಒಳ್ಳೆಯ ಹೆಸರಿಟ್ಟು, ಸಾಮರ್ಥ್ಯವಿದ್ದರೆ ಅಕೀಕಾ ಮಾಡಿ ಬಂಧುಗಳಿಗೆ ಉಣಬಡಿಸಿರಿ. ಇತರ ಮಕ್ಕಳಿಗಿರುವ ಹಕ್ಕುಗಳೆಲ್ಲವೂ ಈ ಮಗುವಿಗೂ ಇವೆ.

ಒಮ್ಮೆ ಅಬ್ದುಲ್ಲಾ ಇಬ್ನು ಮಸ್‌ಊದ್(ರ) ಮಿಸ್ವಾಕ್ ಕಡ್ಡಿಗಾಗಿ ಮರವೇರಿದಾಗ ಅವರ ಸಪೂರ ಕಾಲುಗಳನ್ನು ಕಂಡು ಕೆಲವರು ನಕ್ಕರು. ಆ ಕಾಲುಗಳು ಅಲ್ಲಾಹನ ತಕ್ಕಡಿಯಲ್ಲಿ ಉಹುದ್ ಬೆಟ್ಟಕ್ಕಿಂತಲೂ ಭಾರವೆಂದು ಪ್ರವಾದಿವರ್ಯರು(ಸ) ಹೇಳಿದರು. ನಿಮ್ಮ ತೊಟ್ಟಿಲಲ್ಲಿರುವ ಪುಟ್ಟ ಕಾಲುಗಳ ತೂಕವನ್ನು ನಾವು ಬಲ್ಲೆವೇ? ಅಮಾನತ್ತನ್ನು ಕಾಪಾಡಿದ್ದೀರಾ ಎಂಬ ಪ್ರಶ್ನೆ ನಾಳೆ ಎದುರಾಗುವುದು ನಮಗೇ. ಅಲ್ಲಾಹನು ಅಂತಹ ತಾಯ್ತಂದೆಯರಿಗೆ ಸಹನೆಯನ್ನೂ ಮಕ್ಕಳಿಗೆ ಆರೋಗ್ಯವನ್ನೂ ಅನುಗ್ರಹಿಸಲಿ, ಆಮೀನ್.