ಲ್ಯಾಪ್‌ಟಾಪ್‌ನ ಫರ್ಮ್‌ವೇರ್ ಪುಟ ತೆರೆಯದಿದ್ದಾಗ: ದುರಸ್ತಿ ಅಥವಾ ಹೊಸ ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಪಾಠದ ಹಿನ್ನೆಲೆ

ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಕ್ತಾಯಗೊಂಡಿರುತ್ತದೆ. ಈ ಕಾರಣದಿಂದ ಹಳೆಯ ಲ್ಯಾಪ್‌ಟಾಪ್‌ಗಳನ್ನು ವಿಂಡೋಸ್ 11ಕ್ಕೆ ಉನ್ನತೀಕರಿಸುವ ಅಥವಾ ಅವುಗಳ ಬದಲಿಗೆ ಹೊಸದನ್ನು ಖರೀದಿಸುವ ವಿಷಯವು ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯ ಮುಂದೆ ಬರುವುದು ಸಹಜ. ಉನ್ನತೀಕರಣಕ್ಕೆ ಬೇಕಾದ ಕೆಲವು ವ್ಯವಸ್ಥೆಗಳು ಯಂತ್ರದಲ್ಲಿ ಇದ್ದರೂ ಅದರ ಫರ್ಮ್‌ವೇರ್ ಪುಟದಲ್ಲಿ ನಿಷ್ಕ್ರಿಯವಾಗಿರುತ್ತವೆ. ಅವುಗಳನ್ನು ಸಕ್ರಿಯಗೊಳಿಸಲು ಆ ಪುಟ ತೆರೆಯಬೇಕು. ಪುಟ ತೆರೆಯದಿದ್ದಾಗ "ಯಂತ್ರವೇ ಕೆಟ್ಟಿದೆ, ಮದರ್‌ಬೋರ್ಡ್ ಬದಲಿಸಬೇಕು" ಎಂಬ ಅಭಿಪ್ರಾಯವು ಸಭೆಗೆ ಬರಬಹುದು.

ಅಂತಹ ಅಭಿಪ್ರಾಯವನ್ನು ಒಪ್ಪುವ ಮುನ್ನ ಕೇಳಬೇಕಾದ ಪ್ರಶ್ನೆಗಳನ್ನು ಈ ಪಾಠವು ತಿಳಿಸುತ್ತದೆ. ಸದಸ್ಯರು ತಂತ್ರಜ್ಞರಾಗಬೇಕಾದ ಅಗತ್ಯವಿಲ್ಲ. ಆದರೆ ವೆಚ್ಚಕ್ಕೆ ಅನುಮೋದನೆ ನೀಡುವವರು ಸದಸ್ಯರೇ ಆಗಿರುವುದರಿಂದ, ಯಾವ ಪರಿಶೀಲನೆ ನಡೆದಿದೆ ಮತ್ತು ಯಾವುದು ನಡೆದಿಲ್ಲ ಎಂಬುದನ್ನು ಅವರು ಅರಿತಿರಬೇಕು.

ಫರ್ಮ್‌ವೇರ್ ಎಂದರೇನು?

ಗ್ರಾಮದ ನಲ್ಲಿಗಳಿಗೆ ನೀರು ಬರುವ ಮುನ್ನ ನೀರುಗಂಟಿಯು ವಾಲ್ವ್ ತೆರೆಯಬೇಕಾಗುತ್ತದೆ. ಅದೇ ರೀತಿ, ವಿಂಡೋಸ್ ಪರದೆಯ ಮೇಲೆ ಮೂಡುವ ಮುನ್ನ ಯಂತ್ರದೊಳಗಿನ ಒಂದು ಚಿಕ್ಕ ತಂತ್ರಾಂಶವು ಎಚ್ಚರಗೊಂಡು ಕೀಬೋರ್ಡ್, ಪರದೆ, ಮೆಮೊರಿ, ಡಿಸ್ಕ್ ಇವುಗಳನ್ನು ಪರೀಕ್ಷಿಸಿ, ನಂತರ ವಿಂಡೋಸ್‌ಗೆ ದಾರಿ ಬಿಡುತ್ತದೆ. ಇದೇ ಫರ್ಮ್‌ವೇರ್. ಇದು ಹಾರ್ಡ್ ಡಿಸ್ಕ್‌ನಲ್ಲಿ ಇರದೆ ಮದರ್‌ಬೋರ್ಡ್‌ನ ಮೇಲಿನ ಪ್ರತ್ಯೇಕ ಚಿಪ್‌ನಲ್ಲಿ ಇರುತ್ತದೆ. ಹಳೆಯ ಯಂತ್ರಗಳಲ್ಲಿ ಇದನ್ನು ಬಯಾಸ್ ಎಂದು ಕರೆಯಲಾಗುತ್ತಿತ್ತು. ಈಗಿನ ಯಂತ್ರಗಳಲ್ಲಿ ಯುಇಎಫ್‌ಐ ಎಂಬ ಮಾದರಿಯು ಬಳಕೆಯಲ್ಲಿದ್ದರೂ, ರೂಢಿಯಲ್ಲಿ ಎರಡನ್ನೂ ಬಯಾಸ್ ಎಂದೇ ಹೇಳಲಾಗುತ್ತದೆ.

ದಿನಾಂಕ ಮತ್ತು ಸಮಯ, ಯಂತ್ರವು ಯಾವ ಡಿಸ್ಕ್‌ನಿಂದ ಆರಂಭವಾಗಬೇಕು ಎಂಬ ಕ್ರಮ, ಸೆಕ್ಯೂರ್ ಬೂಟ್, ಟಿಪಿಎಂ ಎಂಬ ಭದ್ರತಾ ವ್ಯವಸ್ಥೆ ಹಾಗೂ ಫರ್ಮ್‌ವೇರ್‌ನ ಪಾಸ್‌ವರ್ಡ್ ಇವೆಲ್ಲವೂ ಸದರಿ ಪುಟದಲ್ಲಿ ನಿರ್ಧಾರವಾಗುತ್ತವೆ. ಟಿಪಿಎಂ ಅನ್ನು ಇಂಟೆಲ್ ಪ್ರೊಸೆಸರ್ ಇರುವ ಯಂತ್ರಗಳಲ್ಲಿ ಪಿಟಿಟಿ ಎಂದೂ, ಎಎಂಡಿ ಪ್ರೊಸೆಸರ್ ಇರುವ ಯಂತ್ರಗಳಲ್ಲಿ ಎಫ್‌ಟಿಪಿಎಂ ಎಂದೂ ನಮೂದಿಸಿರುವುದುಂಟು.

ಪುಟ ಏಕೆ ತೆರೆಯುವುದಿಲ್ಲ?

ಸಾಮಾನ್ಯವಾಗಿ ಕಂಡುಬರುವ ಕಾರಣಗಳು ಈ ಕೆಳಗಿನಂತಿವೆ. ಇವುಗಳಲ್ಲಿ ಹೆಚ್ಚಿನವುಗಳಿಗೆ ಯಾವುದೇ ಬಿಡಿಭಾಗದ ಬದಲಾವಣೆ ಬೇಕಾಗುವುದಿಲ್ಲ.

1. ಕೀಲಿ ಒತ್ತುವ ಸಮಯ ತಪ್ಪುವುದು. ಪವರ್ ಗುಂಡಿ ಒತ್ತಿದ ನಂತರ ಫರ್ಮ್‌ವೇರ್ ಕೆಲವೇ ಕ್ಷಣ ಮಾತ್ರ ಕೀಲಿಗಾಗಿ ಕಾಯುತ್ತದೆ. ವೇಗದ ಡಿಸ್ಕ್ ಇರುವ ಯಂತ್ರಗಳಲ್ಲಿ ಈ ಅವಧಿ ಇನ್ನೂ ಕಡಿಮೆ. ಸಂಸ್ಥೆಯ ಚಿಹ್ನೆ ಕಂಡ ಮೇಲೆ ಒತ್ತಿದರೆ ಕೆಲವು ಯಂತ್ರಗಳಲ್ಲಿ ತಡವಾಗಿರಬಹುದು.

2. ತಪ್ಪು ಕೀಲಿ. ಎಚ್‌ಪಿ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಸ್ಕೇಪ್ ಹಾಗೂ ನಂತರ ಎಫ್10, ಡೆಲ್, ಏಸರ್ ಮತ್ತು ಏಸಸ್ ಯಂತ್ರಗಳಲ್ಲಿ ಎಫ್2, ಲೆನೊವೊದ ಥಿಂಕ್‌ಪ್ಯಾಡ್‌ಗಳಲ್ಲಿ ಎಫ್1 ಹಾಗೂ ಐಡಿಯಾಪ್ಯಾಡ್‌ಗಳಲ್ಲಿ ಎಫ್2 ಬಳಕೆಯಲ್ಲಿವೆ. ಲೆನೊವೊದ ಕೆಲವು ಮಾದರಿಗಳಲ್ಲಿ ಪಿನ್ನಿನಿಂದ ಒತ್ತುವ ನೊವೊ ಎಂಬ ಸಣ್ಣ ಗುಂಡಿಯೂ ಇರುತ್ತದೆ. ಮೇಲಿನ ಸಾಲಿನ ಕೀಲಿಗಳು ಧ್ವನಿ ಮತ್ತು ಬೆಳಕಿನ ನಿಯಂತ್ರಣಕ್ಕೆ ಹೊಂದಿಸಲ್ಪಟ್ಟಿದ್ದಲ್ಲಿ, ಎಫ್‌ಎನ್ ಕೀಲಿಯನ್ನೂ ಜೊತೆಗೆ ಒತ್ತಬೇಕಾಗಬಹುದು.

3. ಫಾಸ್ಟ್ ಸ್ಟಾರ್ಟ್‌ಅಪ್. ಈ ಸೌಲಭ್ಯ ಸಕ್ರಿಯವಾಗಿದ್ದಾಗ "ಶಟ್ ಡೌನ್" ಕೊಟ್ಟರೂ ವಿಂಡೋಸ್ ಪೂರ್ಣವಾಗಿ ಮುಚ್ಚುವುದಿಲ್ಲ. ತನ್ನ ತಿರುಳಿನ ಭಾಗವನ್ನು ಡಿಸ್ಕ್‌ನಲ್ಲಿ ಉಳಿಸಿಟ್ಟು, ಮರುದಿನ ಅಲ್ಲಿಂದಲೇ ಬೇಗ ಏಳುತ್ತದೆ. ಹೀಗಾಗಿ ಕೀಲಿಯನ್ನು ಗುರುತಿಸುವ ಅವಕಾಶವೇ ತಪ್ಪಿಹೋಗಬಹುದು. ಆದರೆ "ರೀಸ್ಟಾರ್ಟ್" ಕೊಟ್ಟಾಗ ಯಂತ್ರವು ಪೂರ್ಣವಾಗಿ ಮುಚ್ಚಿ ಹೊಸದಾಗಿ ಆರಂಭವಾಗುತ್ತದೆ. ಈ ಎರಡರ ವ್ಯತ್ಯಾಸವನ್ನು ಕಚೇರಿಯ ಸಿಬ್ಬಂದಿ ತಿಳಿದಿರಬೇಕು.

4. ಬಾಹ್ಯ ಉಪಕರಣಗಳು. ಮಾನಿಟರ್ ಅಥವಾ ಪ್ರೊಜೆಕ್ಟರ್ ಜೋಡಿಸಿದ್ದರೆ ಫರ್ಮ್‌ವೇರ್ ಪುಟವು ಆ ಪರದೆಯಲ್ಲಿ ತೆರೆದು, ಲ್ಯಾಪ್‌ಟಾಪ್‌ನ ಪರದೆ ಕಪ್ಪಾಗಿಯೇ ಉಳಿಯಬಹುದು. ಯುಎಸ್‌ಬಿಗೆ ಸಿಕ್ಕಿಸಿದ ಡಿಜಿಟಲ್ ಸಹಿಯ ಟೋಕನ್, ಪ್ರಿಂಟರ್, ಬೆರಳಚ್ಚು ಯಂತ್ರ ಇವುಗಳೂ ಆರಂಭದ ಹಂತದಲ್ಲಿ ಅಡ್ಡಿಯಾಗುವುದುಂಟು.

5. ಕೀಲಿಯೇ ಕೆಟ್ಟಿರುವುದು. ಎಫ್2 ಅಥವಾ ಎಫ್10 ಕೀಲಿಯು ವಿಂಡೋಸ್‌ನಲ್ಲಿಯೂ ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕು. ಮಾಡದಿದ್ದಲ್ಲಿ ಯುಎಸ್‌ಬಿ ಕೀಬೋರ್ಡ್ ಬಳಸಿ ಪರೀಕ್ಷಿಸಬಹುದು.

6. ಫರ್ಮ್‌ವೇರ್ ಪಾಸ್‌ವರ್ಡ್. ಹಿಂದೆ ಯಾರೋ ಪಾಸ್‌ವರ್ಡ್ ಹಾಕಿದ್ದು ಅದು ಈಗಿನವರಿಗೆ ತಿಳಿಯದಿರುವ ಸಂದರ್ಭವಿದು. ಇದರ ವಿವರ ಮುಂದೆ ಬರುತ್ತದೆ.

ಮೊದಲು ಕಡತಗಳ ರಕ್ಷಣೆ

ಪರಿಹಾರ ಕ್ರಮ ಆರಂಭಿಸುವ ಮುನ್ನ ಎರಡು ಕೆಲಸಗಳನ್ನು ಕಡ್ಡಾಯವಾಗಿ ಪೂರ್ಣಗೊಳಿಸತಕ್ಕದ್ದು.

ಮೊದಲನೆಯದು, ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇರುವ ಕಡತಗಳ ಪ್ರತಿ ತೆಗೆಯುವುದು. ಇ-ಸ್ವತ್ತು, ಪಂಚತಂತ್ರ, ಇ-ಗ್ರಾಮ ಸ್ವರಾಜ್ ತಂತ್ರಾಂಶಗಳಲ್ಲಿ ನಮೂದಾದ ಮಾಹಿತಿ ಸರ್ವರ್‌ನಲ್ಲಿ ಇರುತ್ತದೆ. ಆದರೆ ಸ್ಕ್ಯಾನ್ ಮಾಡಿದ ಅರ್ಜಿಗಳು, ನಡಾವಳಿಯ ಕರಡು, ತೆರಿಗೆ ಬೇಡಿಕೆಯ ಎಕ್ಸೆಲ್ ಪಟ್ಟಿ, ಕಾಮಗಾರಿ ಸ್ಥಳದ ಛಾಯಾಚಿತ್ರಗಳು ಬಹುಮಟ್ಟಿಗೆ ಯಂತ್ರದಲ್ಲಿ ಮಾತ್ರ ಇರುತ್ತವೆ. ಇವುಗಳನ್ನು ಕಚೇರಿಯ ಬಾಹ್ಯ ಡಿಸ್ಕ್‌ಗೆ ನಕಲಿಸಬೇಕು.

ಎರಡನೆಯದು, ಬಿಟ್‌ಲಾಕರ್ ಮರುಪಡೆಯುವ ಕೀಲಿಯನ್ನು ಪಡೆದಿಟ್ಟುಕೊಳ್ಳುವುದು. ಡಿಸ್ಕ್ ಗೂಢಲಿಪೀಕರಣಗೊಂಡಿದ್ದಲ್ಲಿ, ಸೆಕ್ಯೂರ್ ಬೂಟ್ ಅಥವಾ ಟಿಪಿಎಂ ಬದಲಿಸಿದ ನಂತರ ವಿಂಡೋಸ್ 48 ಅಂಕಿಗಳ ಕೀಲಿಯನ್ನು ಕೇಳಬಹುದು. ಈ ಕೀಲಿಯು ಯಂತ್ರವನ್ನು ಮೊದಲು ಸಿದ್ಧಪಡಿಸಿದವರ ವೈಯಕ್ತಿಕ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುವ ಸಾಧ್ಯತೆಯಿದೆ. ಆ ಸಿಬ್ಬಂದಿ ವರ್ಗವಾಗಿದ್ದರೆ ಅಥವಾ ಕೆಲಸ ಬಿಟ್ಟಿದ್ದರೆ ಅವರನ್ನು ಸಂಪರ್ಕಿಸಿ ಕೀಲಿ ಪಡೆದ ನಂತರವೇ ಮುಂದುವರಿಯಬೇಕು. ಕೀಲಿ ಇಲ್ಲದೆ ಬೀಗ ಬಿದ್ದ ಡಿಸ್ಕ್‌ನಿಂದ ಕಡತಗಳನ್ನು ಹೊರತೆಗೆಯಲು ದುರಸ್ತಿದಾರರಿಗೂ ಸಾಧ್ಯವಾಗುವುದಿಲ್ಲ. ಬಿಟ್‌ಲಾಕರ್ ನಿಯಂತ್ರಣ ಪುಟ ಇರುವ ಯಂತ್ರಗಳಲ್ಲಿ ರಕ್ಷಣೆಯನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಿ ಕೆಲಸ ಮಾಡುವುದು ಸುರಕ್ಷಿತ.

ಅನುಸರಿಸಬೇಕಾದ ಕ್ರಮ

ಹಂತ 1: ಚಾರ್ಜರ್ ಜೋಡಿಸಿ, ಉಳಿದೆಲ್ಲ ಯುಎಸ್‌ಬಿ ಉಪಕರಣಗಳನ್ನೂ ಬಾಹ್ಯ ಪರದೆಯನ್ನೂ ತೆಗೆಯಬೇಕು.

ಹಂತ 2: ವಿಂಡೋಸ್ ಮೂಲಕವೇ ಪುಟ ತೆರೆಯಬೇಕು. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು "ರೀಸ್ಟಾರ್ಟ್" ಆಯ್ಕೆ ಮಾಡಿದರೆ ನೀಲಿ ಪರದೆಯ ಪಟ್ಟಿ ಬರುತ್ತದೆ. ಅದರಲ್ಲಿ "ಟ್ರಬಲ್‌ಶೂಟ್", ನಂತರ "ಅಡ್ವಾನ್ಸ್ಡ್ ಆಪ್ಷನ್ಸ್", ನಂತರ "ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್" ಆಯ್ಕೆ ಮಾಡಿ "ರೀಸ್ಟಾರ್ಟ್" ಕೊಡಬೇಕು. ಈ ದಾರಿಯಲ್ಲಿ ಕೀಲಿ ಒತ್ತುವ ಸಮಯದ ಪ್ರಶ್ನೆಯೇ ಬರುವುದಿಲ್ಲ.

ಹಂತ 3: ಸದರಿ ಆಯ್ಕೆಯೇ ಕಾಣದಿದ್ದರೆ "ಸಿಸ್ಟಮ್ ಇನ್ಫರ್ಮೇಶನ್" ತೆರೆದು "ಬಯಾಸ್ ಮೋಡ್" ಎದುರು ಏನಿದೆ ಎಂದು ನೋಡಬೇಕು. "ಲೆಗಸಿ" ಎಂದಿದ್ದರೆ ವಿಂಡೋಸ್ ಹಳೆಯ ವಿಧಾನದಲ್ಲಿ ಅಳವಡಿಕೆಯಾಗಿದೆ ಎಂದರ್ಥ. ಅಂತಹ ಯಂತ್ರದಲ್ಲಿ ಪುಟವನ್ನು ಕೀಲಿಯ ಮೂಲಕವೇ ತೆರೆಯಬೇಕು. ಪುಟ ತೆರೆದ ಕೂಡಲೇ ಲೆಗಸಿಯನ್ನು ಯುಇಎಫ್‌ಐಗೆ ಬದಲಿಸಬಾರದು. ಡಿಸ್ಕ್‌ನ ವಿನ್ಯಾಸವನ್ನು ಮೊದಲು ಪರಿವರ್ತಿಸದೆ ಹೀಗೆ ಮಾಡಿದರೆ ವಿಂಡೋಸ್ ಆರಂಭವಾಗುವುದಿಲ್ಲ. ಈ ಕೆಲಸವನ್ನು ಅರಿತವರಿಂದಲೇ ಮಾಡಿಸತಕ್ಕದ್ದು.

ಹಂತ 4: ಕೀಲಿಯ ಮೂಲಕ ತೆರೆಯುವಾಗ "ರೀಸ್ಟಾರ್ಟ್" ಕೊಟ್ಟು, ಪರದೆ ಕಪ್ಪಾದ ಕ್ಷಣದಿಂದಲೇ ಕೀಲಿಯನ್ನು ಮತ್ತೆ ಮತ್ತೆ ತಟ್ಟಬೇಕು. ಅಗತ್ಯವಿದ್ದಲ್ಲಿ ಕಂಟ್ರೋಲ್ ಪ್ಯಾನೆಲ್‌ನ "ಪವರ್ ಆಪ್ಷನ್ಸ್" ವಿಭಾಗದಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಗುರುತನ್ನು ತೆಗೆದು ಪುನಃ ಪ್ರಯತ್ನಿಸಬೇಕು.

ಹಂತ 5: ಪರದೆ ಕಪ್ಪಾಗಿಯೇ ನಿಂತಲ್ಲಿ ಯಂತ್ರವನ್ನು ಮುಚ್ಚಿ ಚಾರ್ಜರ್ ತೆಗೆಯಬೇಕು. ಹೊರತೆಗೆಯಲು ಬರುವ ಬ್ಯಾಟರಿ ಇದ್ದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು ಸುಮಾರು 30 ಸೆಕೆಂಡು ಒತ್ತಿ ಹಿಡಿಯಬೇಕು. ಯಂತ್ರದಲ್ಲಿ ಉಳಿದ ವಿದ್ಯುತ್ ಇದರಿಂದ ಖಾಲಿಯಾಗುತ್ತದೆ. ನಂತರ ಚಾರ್ಜರ್ ಮಾತ್ರ ಜೋಡಿಸಿ ಆರಂಭಿಸಬೇಕು. ಇದರಿಂದ ಡಿಸ್ಕ್‌ನಲ್ಲಿರುವ ಕಡತಗಳು ಅಳಿಯುವುದಿಲ್ಲ.

ಹಂತ 6: ವಿದ್ಯುತ್ ತೆಗೆದಾಗಲೆಲ್ಲ ದಿನಾಂಕವು ಹಳೆಯ ವರ್ಷಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್‌ನ ಗುಂಡಿ ಬ್ಯಾಟರಿ ಕ್ಷೀಣಿಸಿದೆ ಎಂದು ತಿಳಿಯಬೇಕು. ಇದು 3 ವೋಲ್ಟ್‌ನ, ಕಡಿಮೆ ಬೆಲೆಯ ಬಿಡಿಭಾಗ. ದಿನಾಂಕ ತಪ್ಪಿದ್ದರೆ ಜಾಲತಾಣಗಳ ಭದ್ರತಾ ಪ್ರಮಾಣಪತ್ರವು ಅಮಾನ್ಯವೆಂದು ತೋರಿ, ಡಿಜಿಟಲ್ ಸಹಿ ಮಾಡುವುದಕ್ಕೂ ಅಡಚಣೆಯಾಗುತ್ತದೆ. ಪಾವತಿ ನಿಂತದ್ದಕ್ಕೆ ಸರ್ವರ್ ಕಾರಣವೆಂದು ಭಾವಿಸುವ ಮುನ್ನ ಯಂತ್ರದ ದಿನಾಂಕವನ್ನು ನೋಡುವುದು ಒಳಿತು.

ಫರ್ಮ್‌ವೇರ್‌ನ ಹೊಸ ಆವೃತ್ತಿ ಅಳವಡಿಸುವ ಸಲಹೆ ಬಂದಲ್ಲಿ, ಅದನ್ನು ಯಂತ್ರ ತಯಾರಕರ ಅಧಿಕೃತ ಜಾಲತಾಣದಿಂದ ಮಾತ್ರ ಪಡೆಯಬೇಕು. ಅಳವಡಿಕೆಯ ನಡುವೆ ವಿದ್ಯುತ್ ಹೋದರೆ ಯಂತ್ರವು ಸಂಪೂರ್ಣ ನಿಷ್ಕ್ರಿಯವಾಗಬಹುದು. ಆದುದರಿಂದ ಬ್ಯಾಟರಿ ಚಾರ್ಜ್ ಆಗಿರುವಾಗ, ಚಾರ್ಜರ್ ಜೋಡಿಸಿಕೊಂಡು, ಲೋಡ್ ಶೆಡ್ಡಿಂಗ್ ಇಲ್ಲದ ವೇಳೆಯಲ್ಲಿ ಮಾಡಬೇಕು.

ಪಾಸ್‌ವರ್ಡ್ ಪಂಚಾಯತಿಯ ಸ್ವತ್ತು

ಮೇಲ್ಕಂಡ ಹಂತಗಳಿಂದ ಪುಟ ತೆರೆದರೂ ಪಾಸ್‌ವರ್ಡ್ ಕೇಳಿದಲ್ಲಿ ಊಹಿಸಿ ಪ್ರಯತ್ನಿಸುತ್ತಾ ಹೋಗಬಾರದು. ಹಲವು ಮಾದರಿಗಳು ಮೂರು ತಪ್ಪು ಪ್ರಯತ್ನಗಳ ನಂತರ ತಡೆ ಹಾಕುತ್ತವೆ. ಗುಂಡಿ ಬ್ಯಾಟರಿ ತೆಗೆದರೆ ಪಾಸ್‌ವರ್ಡ್ ಅಳಿಯುತ್ತದೆ ಎಂಬುದು ಹಳೆಯ ಯಂತ್ರಗಳಿಗೆ ಸಂಬಂಧಿಸಿದ ಮಾತು. ಕಚೇರಿ ಬಳಕೆಗೆಂದು ತಯಾರಾಗುವ ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಅದು ವಿದ್ಯುತ್ ಇಲ್ಲದೆಯೂ ಉಳಿಯುವ ಚಿಪ್‌ನಲ್ಲಿ ಇರುತ್ತದೆ. ಇಂತಹ ಸಂದರ್ಭದಲ್ಲಿ ತಯಾರಕರ ಅಧಿಕೃತ ಸೇವಾ ಕೇಂದ್ರವನ್ನೇ ಸಂಪರ್ಕಿಸಬೇಕು. ಯಂತ್ರವು ಪಂಚಾಯತಿಗೆ ಸೇರಿದ್ದೆಂಬುದಕ್ಕೆ ಖರೀದಿ ಬಿಲ್ಲನ್ನು ಅವರು ಕೇಳುತ್ತಾರೆ. ಬಿಲ್ಲು ಸಿಗದಿದ್ದರೆ ತನ್ನದೇ ಯಂತ್ರದ ಮುಂದೆ ಪಂಚಾಯತಿ ಅಸಹಾಯಕವಾಗುತ್ತದೆ. ಕೆಲವೊಮ್ಮೆ ಮದರ್‌ಬೋರ್ಡ್ ಬದಲಿಸುವುದೊಂದೇ ಉಪಾಯವಾಗಿ ಉಳಿದು, ಒಬ್ಬರು ಬರೆದಿಡದ ಒಂದು ಪದಕ್ಕಾಗಿ ಸಾರ್ವಜನಿಕ ಹಣ ವ್ಯಯವಾಗುತ್ತದೆ.

ಬೀರುವಿನ ಬೀಗದ ಕೈ, ನಗದು ಪುಸ್ತಕ, ಮೊಹರು ಇವು ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಬರುವಂತೆಯೇ ಫರ್ಮ್‌ವೇರ್ ಪಾಸ್‌ವರ್ಡ್ ಹಾಗೂ ಬಿಟ್‌ಲಾಕರ್ ಕೀಲಿ ಸಹ ಆ ಪಟ್ಟಿಯಲ್ಲಿ ಇರಬೇಕು. ಇವುಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ ಕಚೇರಿಯ ಭದ್ರ ವಶದಲ್ಲಿ ಇಡಬೇಕು. ಲ್ಯಾಪ್‌ಟಾಪ್‌ನ ಮೇಲೆ ಚೀಟಿ ಅಂಟಿಸುವುದಾಗಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚುವುದಾಗಲಿ ಕೂಡದು. ಸಿಬ್ಬಂದಿ ಬದಲಾದಾಗ ಲಕೋಟೆಯಲ್ಲಿರುವ ಪಾಸ್‌ವರ್ಡ್ ಸರಿಯಿದೆಯೇ ಎಂದು ಇಬ್ಬರ ಸಮ್ಮುಖದಲ್ಲಿ ಪರೀಕ್ಷಿಸಿ ಹಸ್ತಾಂತರ ಪತ್ರಕ್ಕೆ ಸಹಿ ಪಡೆಯುವುದು ಸೂಕ್ತ.

ಹೊಸ ಖರೀದಿ ಯಾವಾಗ ಸಮರ್ಥನೀಯ?

ಎಲ್ಲ ಹಳೆಯ ಯಂತ್ರಗಳನ್ನೂ ಉಳಿಸಿಕೊಳ್ಳಬೇಕೆಂಬುದು ಈ ಪಾಠದ ಆಶಯವಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಸಾಮರ್ಥ್ಯವುಳ್ಳ ಯುಇಎಫ್‌ಐ, ಕನಿಷ್ಠ 4 ಜಿಬಿ ಮೆಮೊರಿ ಹಾಗೂ 64 ಜಿಬಿ ಸಂಗ್ರಹ ಸ್ಥಳ ಅಗತ್ಯ. ಪ್ರೊಸೆಸರ್ ಸಹ ಮೈಕ್ರೋಸಾಫ್ಟ್‌ನ ಅಂಗೀಕೃತ ಪಟ್ಟಿಯಲ್ಲಿ ಇರಬೇಕು. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಸಾಮಾನ್ಯವಾಗಿ 8ನೇ ಪೀಳಿಗೆ ಹಾಗೂ ಅದರ ನಂತರದವು ಈ ಪಟ್ಟಿಯಲ್ಲಿವೆ. ಟಿಪಿಎಂ ನಿಷ್ಕ್ರಿಯವಾಗಿದ್ದರೆ ಅದನ್ನು ಫರ್ಮ್‌ವೇರ್ ಪುಟದಲ್ಲಿ ಸರಿಪಡಿಸಬಹುದು. ಆದರೆ ಪ್ರೊಸೆಸರ್ ಪಟ್ಟಿಗೆ ಸೇರದ ಹಳೆಯದಾಗಿದ್ದರೆ ಯಾವ ಸೆಟ್ಟಿಂಗ್‌ನಿಂದಲೂ ಪ್ರಯೋಜನವಿಲ್ಲ. ಆಗ ಖರೀದಿಯ ಪ್ರಸ್ತಾವನೆ ನ್ಯಾಯಯುತವಾಗಿರುತ್ತದೆ.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ದುರಸ್ತಿ ಅಥವಾ ಖರೀದಿಯ ಪ್ರಸ್ತಾವನೆ ಮಂಡನೆಯಾದಾಗ ಸದಸ್ಯರು ಈ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಪಡೆದು ನಡಾವಳಿಯಲ್ಲಿ ದಾಖಲಿಸುವಂತೆ ಕೋರಬಹುದು.

1. ಯಂತ್ರದ ಮಾದರಿ, ಖರೀದಿಯ ವರ್ಷ ಹಾಗೂ ವಾರಂಟಿಯ ಸ್ಥಿತಿ ಏನು? ಬಿಲ್ಲು ಕಡತದಲ್ಲಿದೆಯೇ?

2. ಫರ್ಮ್‌ವೇರ್ ಪುಟವನ್ನು ಕೀಲಿಯಿಂದ ಮಾತ್ರ ಪ್ರಯತ್ನಿಸಲಾಯಿತೇ, ವಿಂಡೋಸ್ ಮೂಲಕವೂ ಪ್ರಯತ್ನಿಸಲಾಯಿತೇ?

3. ಬಾಹ್ಯ ಉಪಕರಣಗಳನ್ನು ತೆಗೆದು, ಉಳಿದ ವಿದ್ಯುತ್ ಖಾಲಿ ಮಾಡಿ ನೋಡಲಾಯಿತೇ?

4. ಕಡತಗಳ ಪ್ರತಿ ಹಾಗೂ ಬಿಟ್‌ಲಾಕರ್ ಕೀಲಿ ಕಚೇರಿಯ ವಶದಲ್ಲಿವೆಯೇ?

5. ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿದೆಯೇ?

6. ಮದರ್‌ಬೋರ್ಡ್ ದೋಷವೆಂದು ಹೇಳಿದವರು ಅದನ್ನು ಲಿಖಿತವಾಗಿ ನೀಡಿದ್ದಾರೆಯೇ?

ಈ ಪ್ರಶ್ನೆಗಳು ಸಿಬ್ಬಂದಿಯನ್ನು ಸಂಶಯಿಸಲು ಉದ್ದೇಶಿಸಿದವಲ್ಲ. ಲಿಖಿತ ಉತ್ತರಗಳಿದ್ದರೆ ಖರೀದಿಗೆ ಒಪ್ಪಿದ ಸದಸ್ಯರಿಗೂ ಪ್ರಸ್ತಾವನೆ ತಂದ ಸಿಬ್ಬಂದಿಗೂ ಲೆಕ್ಕಪರಿಶೋಧನೆಯ ಸಮಯದಲ್ಲಿ ಅವೇ ಆಧಾರವಾಗುತ್ತವೆ. ಯಂತ್ರವನ್ನು ದುರಸ್ತಿಗೆ ಕಚೇರಿಯಿಂದ ಹೊರಗೆ ಕಳುಹಿಸುವಾಗ ಡಿಜಿಟಲ್ ಸಹಿಯ ಟೋಕನ್‌ಗಳನ್ನು ಅದರೊಂದಿಗೆ ಕಳುಹಿಸದಿರುವುದನ್ನು ಅಧ್ಯಕ್ಷರು ಹಾಗೂ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರು ಖಚಿತಪಡಿಸಿಕೊಳ್ಳತಕ್ಕದ್ದು.