ಸಾವಿರಕಾಲಿನ ಪುಟ್ಟ ಹುಳು: ಗುರುತಿಸುವ ಬಗೆ, ನೆಲೆ ತಿಳಿಯುವ ಬಗೆ

ಆಲೂಗಡ್ಡೆ ಅಗೆಯುವಾಗ ಕೊಳೆತ ಗೆಡ್ಡೆಯೊಳಗೆ ದಾರದಷ್ಟು ಸಣ್ಣನೆಯ, ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಹುಳುಗಳನ್ನು ನೀವು ಕಂಡಿರಬಹುದು. ಕಂಡೊಡನೆ "ಇದಕ್ಕೆ ಯಾವ ಔಷಧಿ ಹಾಕಬೇಕು?" ಎಂದು ಕೇಳುವುದು ರೂಢಿ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಈ ಹುಳು ಯಾವುದು? ಇದು ಎಲ್ಲೆಲ್ಲಿ ಇದೆ? ಇವೆರಡಕ್ಕೆ ಉತ್ತರ ತಿಳಿಯದೆ ಮದ್ದು ಸುರಿದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುತ್ತದೆ.

ಒಂದು ಉದಾಹರಣೆ

ಯುರೋಪಿನ ಬೇಸಾಯಗಾರರಿಗೆ ಚಿರಪರಿಚಿತವಾದ ಒಂದು ಸಹಸ್ರಪದಿ ಇದೆ. ವಿಜ್ಞಾನಿಗಳು ಇದನ್ನು ಬ್ಲಾನಿಯುಲಸ್ ಗುಟ್ಯುಲೇಟಸ್ ಎಂದು ಕರೆಯುತ್ತಾರೆ. ಫ್ಯಾಬ್ರೀಷಿಯಸ್ ಎಂಬ ವಿಜ್ಞಾನಿ 1798ರಲ್ಲಿ ಇದನ್ನು ವರ್ಣಿಸಿದನು. ಬಲಿತ ಹುಳುವಿನ ಉದ್ದ ಸುಮಾರು 8ರಿಂದ 16 ಮಿಲಿಮೀಟರ್. ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಮೈ ಬಣ್ಣ ಕೆನೆಬಿಳುಪು. ಎರಡೂ ಪಕ್ಕಗಳಲ್ಲಿ ಸಾಲಾಗಿ ಕೆಂಪು ಚುಕ್ಕೆಗಳಿರುತ್ತವೆ. ಇವು ಶತ್ರುಗಳನ್ನು ಹಿಮ್ಮೆಟ್ಟಿಸುವ ದ್ರವವನ್ನು ಸ್ರವಿಸುವ ಗ್ರಂಥಿಗಳು. ಇದಕ್ಕೆ ಕಣ್ಣುಗಳಿಲ್ಲ.

ಸಕ್ಕರೆ ಬೀಟಿನ ಎಳೆಯ ಸಸಿಗಳ ಬೇರು, ಆಲೂಗಡ್ಡೆ, ನೆಲಕ್ಕೆ ತಾಗಿದ ಸ್ಟ್ರಾಬೆರಿ ಹಣ್ಣು ಇವುಗಳಲ್ಲಿ ಇದು ಗುಂಪುಗುಂಪಾಗಿ ಕಾಣಿಸಿಕೊಳ್ಳುತ್ತದೆ. ಹಾಗೆಂದು ಎಲ್ಲ ಹಾನಿಗೂ ಇದೇ ಕಾರಣವಲ್ಲ. ಇದರ ದವಡೆಗಳು ಬಲಹೀನ. ಗಟ್ಟಿ ಸಿಪ್ಪೆಯ ಗೆಡ್ಡೆಯನ್ನು ಕೊರೆಯುವುದು ಇದಕ್ಕೆ ಕಷ್ಟ. ತಂತಿಹುಳುವೋ ಚಿಪ್ಪಿಲ್ಲದ ಬಸವನ ಹುಳುವೋ ಮೊದಲು ಗಾಯ ಮಾಡಿದ ಮೇಲೆ ಇದು ಅದೇ ದಾರಿಯಲ್ಲಿ ಒಳಹೊಕ್ಕು ಗಾಯವನ್ನು ಹಿಗ್ಗಿಸುತ್ತದೆ. ಅಗೆಯುವಾಗ ಕಣ್ಣಿಗೆ ಬೀಳುವುದು ಹಿಂದೆ ಬಂದ ಹುಳು. ಮೊದಲ ಕಳ್ಳ ಆ ವೇಳೆಗೆ ಜಾಗ ಬಿಟ್ಟಿರಬಹುದು.

ಗುರುತಿಸುವ ಕ್ರಮ

ನಿಮ್ಮ ಹೊಲದಲ್ಲಿ ಸಿಕ್ಕ ಸಣ್ಣ ಹುಳುವನ್ನೆಲ್ಲ ಮೇಲೆ ಹೇಳಿದ ಜಾತಿಯೆಂದು ತಿಳಿಯಬಾರದು. ಒಂದು ಭೂತಗನ್ನಡಿಯ ನೆರವಿನಿಂದ ಹೀಗೆ ಪರೀಕ್ಷಿಸಿರಿ.

1. ಕಾಲುಗಳೇ ಇಲ್ಲದಿದ್ದರೆ ಅದು ನೊಣದ ಮರಿಹುಳು ಇರಬಹುದು. ಮೈ ಗಟ್ಟಿಯಾಗಿ, ಹಳದಿಯಾಗಿ, ಮೂರೇ ಜೊತೆ ಕಾಲುಗಳಿದ್ದರೆ ತಂತಿಹುಳು ಇರಬಹುದು.

2. ಮೈಯ ಪ್ರತಿ ಉಂಗುರಕ್ಕೆ ಒಂದೇ ಜೊತೆ ಕಾಲುಗಳಿದ್ದು, ಹುಳು ಚುರುಕಾಗಿ ಓಡಿದರೆ ಅದು ಜರಿ. ಜರಿಯು ಬೇರೆ ಹುಳುಗಳನ್ನು ಹಿಡಿದು ತಿನ್ನುತ್ತದೆ.

3. ಮುಂದಿನ ಕೆಲವು ಉಂಗುರಗಳನ್ನು ಬಿಟ್ಟು ಉಳಿದ ಉಂಗುರಗಳಿಗೆ ಎರಡೆರಡು ಜೊತೆ ಕಾಲುಗಳಿದ್ದರೆ ಅದು ಸಹಸ್ರಪದಿ.

4. ಕಣ್ಣುಗಳಿವೆಯೇ? ಚುಕ್ಕೆಗಳಿವೆಯೇ? ಬೆನ್ನು ದುಂಡಗಿದೆಯೇ, ಚಪ್ಪಟೆಯೇ? ಇವನ್ನು ಹುಳು ಜೀವಂತವಿರುವಾಗಲೇ ಬರೆದುಕೊಳ್ಳಿರಿ. ಸ್ಪಿರಿಟ್ಟಿನಲ್ಲಿ ಹಾಕಿದ ಮೇಲೆ ಬಣ್ಣ ಮೊದಲಿನಂತೆ ಉಳಿಯುವುದಿಲ್ಲ.

ಇಷ್ಟರಿಂದ ಗುಂಪು ತಿಳಿಯುತ್ತದೆಯೇ ಹೊರತು ಜಾತಿ ಖಚಿತವಾಗುವುದಿಲ್ಲ. ಯುರೋಪಿನಲ್ಲಿಯೇ ಕಣ್ಣಿಲ್ಲದ, ಚುಕ್ಕೆಯುಳ್ಳ ಬೇರೆ ಜಾತಿಗಳೂ ಇವೆ. ಜಾತಿಯನ್ನು ತಿಳಿಸುವುದು ಬಲಿತ ಗಂಡು ಹುಳು. ಅದರ ಏಳನೆಯ ಉಂಗುರದ ಕಾಲುಗಳು ಕೂಡುವಿಕೆಗಾಗಿ ಮಾರ್ಪಟ್ಟಿರುತ್ತವೆ. ಬೀಗಕ್ಕೊಂದು ಕೀಲಿಕೈ ಇರುವಂತೆ, ಇವುಗಳ ಆಕಾರ ಜಾತಿಯಿಂದ ಜಾತಿಗೆ ಬೇರೆ. ಇದನ್ನು ಸೂಕ್ಷ್ಮದರ್ಶಕದಲ್ಲಿ ತಜ್ಞರು ನೋಡಬೇಕಾಗುತ್ತದೆ. ಆಗತಾನೆ ಮೊಟ್ಟೆಯೊಡೆದು ಬಂದ ಮರಿಗೆ ಮೂರೇ ಜೊತೆ ಕಾಲುಗಳು. ಪೊರೆ ಬಿಟ್ಟಂತೆಲ್ಲ ಉಂಗುರಗಳೂ ಕಾಲುಗಳೂ ಹೆಚ್ಚುತ್ತವೆ. ಆದಕಾರಣ ಮರಿಯೊಂದನ್ನೇ ನೋಡಿ ತೀರ್ಮಾನಿಸಬೇಡಿ.

ಮಾದರಿ ಸಂಗ್ರಹ

ಮಳೆ ಬಿದ್ದ ಮರುದಿನ ಬೆಳಗಿನ ಹೊತ್ತು ಹುಡುಕುವುದು ಲೇಸು. ಕಲ್ಲು, ತರಗೆಲೆ, ಹಳೆಯ ಗೊಬ್ಬರದ ಅಡಿಯಲ್ಲಿ ನೋಡಿರಿ. ಹೆಚ್ಚಿದ ಆಲೂಗಡ್ಡೆ ಹೋಳುಗಳನ್ನು ಎರಡು ಮೂರು ಬೆರಳು ಆಳದಲ್ಲಿ ಹೂತು, ಪಕ್ಕದಲ್ಲಿ ಕಡ್ಡಿ ನೆಟ್ಟು, ಮೂರನೆಯ ದಿನ ತೆಗೆದು ನೋಡಬಹುದು. ದೊರೆತ ಹತ್ತಾರು ಹುಳುಗಳನ್ನು ಸ್ಪಿರಿಟ್ ತುಂಬಿದ ಸಣ್ಣ ಸೀಸೆಯಲ್ಲಿ ಹಾಕಿರಿ. ಹೆಚ್ಚು ಹುಳುಗಳಿದ್ದರೆ ಅವುಗಳಲ್ಲಿ ಬಲಿತ ಗಂಡು ಇರುವ ಸಂಭವವೂ ಹೆಚ್ಚು. ಊರು, ಸರ್ವೆ ನಂಬರು, ತಾರೀಖು, ಬೆಳೆ, ಮಣ್ಣಿನ ಬಗೆ ಇವನ್ನು ಚೀಟಿಯ ಮೇಲೆ ಪೆನ್ಸಿಲಿನಿಂದ ಬರೆದು ಸೀಸೆಯ ಒಳಗೇ ಹಾಕಿರಿ. ಶಾಯಿಯಾದರೆ ಅಳಿಸಿಹೋಗುತ್ತದೆ. ಹುಳುವಿನ ಸ್ರಾವ ಚರ್ಮಕ್ಕೆ, ಕಣ್ಣಿಗೆ ಉರಿ ತರಬಹುದಾದ್ದರಿಂದ ಕೈ ತೊಳೆಯಲು ಮರೆಯದಿರಿ.

ನೆಲೆಯ ನಕ್ಷೆ

ಬ್ರಿಟನ್ನಿನಲ್ಲಿ 1970ರಲ್ಲಿ ಆರಂಭವಾದ ಸಮೀಕ್ಷೆಯಲ್ಲಿ ಹವ್ಯಾಸಿಗಳೂ ತಜ್ಞರೂ ಕೂಡಿ ಸಹಸ್ರಪದಿಗಳ ದಾಖಲೆ ಕಲೆಹಾಕಿದರು. ದೇಶವನ್ನು 10 ಕಿಲೋಮೀಟರಿನ ಚೌಕಗಳಾಗಿ ವಿಂಗಡಿಸಿ, ಹುಳು ಸಿಕ್ಕ ಚೌಕದಲ್ಲಿ ಒಂದು ಚುಕ್ಕೆ ಇಡಲಾಯಿತು. ಇಂತಹ ನಕ್ಷೆಗಳ ಸಂಪುಟ 2006ರಲ್ಲಿ ಪ್ರಕಟವಾಯಿತು.

ನೀವೂ ನಿಮ್ಮ ಗ್ರಾಮದ ನಕ್ಷೆಯ ಮೇಲೆ ಇದನ್ನೇ ಮಾಡಬಹುದು. ಹುಳು ಕಂಡ ಸರ್ವೆ ನಂಬರಿನಲ್ಲಿ ತುಂಬಿದ ಚುಕ್ಕೆ ಇಡಿ. ಹುಡುಕಿದರೂ ಸಿಗದ ಕಡೆ ಬರಿದಾದ ಸೊನ್ನೆ ಬರೆಯಿರಿ. ಹುಡುಕದ ಜಾಗವನ್ನು ಹಾಗೆಯೇ ಬಿಡಿ. ಈ ವ್ಯತ್ಯಾಸ ಬಹು ಮುಖ್ಯ. ನಕ್ಷೆಯಲ್ಲಿ ಚುಕ್ಕೆ ಇಲ್ಲವೆಂದ ಮಾತ್ರಕ್ಕೆ ಹುಳು ಇಲ್ಲವೆಂದಲ್ಲ; ಯಾರೂ ನೋಡಿಲ್ಲವೆಂದೂ ಇರಬಹುದು. ಪ್ರತಿ ಹೊಲದಲ್ಲಿಯೂ ಸಮನಾದ ಹೊತ್ತು, ಅಂದರೆ ಅರ್ಧ ಗಂಟೆ, ಹುಡುಕಿದರೆ ಮಾತ್ರ ಹೋಲಿಕೆ ನ್ಯಾಯವಾಗುತ್ತದೆ.

ಇದರಿಂದ ಲಾಭವೇನು?

ಎರಡು ಮೂರು ಮಳೆಗಾಲ ಈ ನಕ್ಷೆ ಬೆಳೆದರೆ ಹುಳು ತೇವದ ತಗ್ಗಿನಲ್ಲಿದೆಯೇ, ಅರೆಕೊಳೆತ ಗೊಬ್ಬರ ಹಾಕಿದ ಹೊಲದಲ್ಲಿದೆಯೇ, ಹೊರಗಿನಿಂದ ತಂದ ಸಸಿಯ ಮಣ್ಣಿನೊಡನೆ ಬಂದಿತೇ ಎಂಬುದು ತಿಳಿಯುತ್ತ ಹೋಗುತ್ತದೆ. ಆಗ ಚೆನ್ನಾಗಿ ಕಳಿತ ಗೊಬ್ಬರವನ್ನೇ ಬಳಸುವುದು, ನೀರು ಬಸಿಯುವಂತೆ ಮಾಡುವುದು, ಕೊಳೆತ ಗೆಡ್ಡೆಗಳನ್ನು ಹೊಲದಿಂದ ಆಯ್ದು ತೆಗೆಯುವುದು ಇಂತಹ ಖರ್ಚಿಲ್ಲದ ಕ್ರಮಗಳನ್ನು ಬೇಕಾದಲ್ಲಿ ಮಾತ್ರ ಕೈಗೊಳ್ಳಬಹುದು.

ಸಹಸ್ರಪದಿಗಳಲ್ಲಿ ಹೆಚ್ಚಿನವು ತರಗೆಲೆಯನ್ನು ತಿಂದು ಮಣ್ಣಿಗೆ ಸೇರಿಸುವ ಉಪಕಾರಿಗಳು. ಪಶ್ಚಿಮ ಘಟ್ಟದ ತೋಟಗಳಲ್ಲಿ ಗೋಲಿಯಂತೆ ಮುದುಡುವ ದೊಡ್ಡ ಸಹಸ್ರಪದಿಗಳು ಈ ಕೆಲಸವನ್ನು ಮಾಡುವುದನ್ನು ನೀವೇ ನೋಡಬಹುದು. ನಿಜವಾದ ಅಪರಾಧಿಯನ್ನು ಬಿಟ್ಟು ಇಂತಹ ಕೂಲಿಯಾಳನ್ನು ಕೊಂದರೆ ನಷ್ಟ ಎರಡು ಪಟ್ಟು: ಮದ್ದಿನ ಹಣವೂ ಹೋಯಿತು, ಬೆಳೆಯೂ ಉಳಿಯಲಿಲ್ಲ.

ಮುಂದಿನ ಮಳೆಗೆ ಮೊದಲು ಒಂದು ಸೀಸೆ, ಒಂದು ಪೆನ್ಸಿಲು, ಗ್ರಾಮದ ನಕ್ಷೆಯ ಒಂದು ಪ್ರತಿ ಸಿದ್ಧವಿರಲಿ. ಸಿಕ್ಕ ಮಾದರಿಯನ್ನು ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಿರಿ. ಹೆಸರು ತಿಳಿದ ಮೇಲೆ ಔಷಧಿಯ ಮಾತು.