ಲೈಸೆನ್ಸ್ ಬೇಡದ ಸ್ಕೂಟರ್: ‘ಲಾಕ್’ ತೆಗೆಸುವ ಮುನ್ನ ಇದನ್ನು ಓದಿ

‘ಲೈಸೆನ್ಸ್ ಬೇಡ, ಆರ್‌ಸಿ ಬೇಡ, ಇನ್ಶೂರೆನ್ಸ್ ಬೇಡ, ಮಗನ ಕೈಗೂ ಕೊಡಬಹುದು’ ಎಂಬ ಅಂಗಡಿಯವರ ಮಾತು ನಂಬಿ ಇ-ಬೈಕ್ ತಂದವರು ಈಗ ಬೀದಿಗೊಬ್ಬರಿದ್ದಾರೆ. ಮಾತು ಪೂರ್ತಿ ಸುಳ್ಳಲ್ಲ. ಮೋಟಾರ್‌ನ 30 ನಿಮಿಷದ ಶಕ್ತಿ 250 ವ್ಯಾಟ್‌ಗಿಂತ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆಯಿದ್ದು, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರದಿದ್ದರೆ ಕೇಂದ್ರ ಮೋಟಾರು ವಾಹನ ನಿಯಮಗಳ ಲೆಕ್ಕದಲ್ಲಿ ಅದು ಮೋಟಾರು ವಾಹನವೇ ಅಲ್ಲ. ಸೈಕಲ್ ವೇಗದ ಗಾಡಿಗೆ ಆರ್‌ಟಿಒ ಅಲೆದಾಟ ತಪ್ಪಲಿ ಎಂದು ಕೊಟ್ಟ ವಿನಾಯಿತಿ ಇದು. ಆದರೆ ವಿನಾಯಿತಿಯನ್ನು ಹಾಗೇ ಇಟ್ಟುಕೊಂಡು ವೇಗ ಮಾತ್ರ ಏರಿಸಿಕೊಡುವ ದಂಧೆಯೂ ಅದರ ಬೆನ್ನಿಗೇ ಹುಟ್ಟಿತು.

ಮೊದಲು ಕಾಗದ ನೋಡಿ. ಪುಣೆಯ ಎಆರ್‌ಎಐ, ಮಾನೇಸರ್‌ನ ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆಗಳು ಕೊಡುವ ಅನುಮೋದನೆ ಪತ್ರದ ಪ್ರತಿ ಕೇಳಿ. ಅದರಲ್ಲಿರುವ ಮಾದರಿಯ ಹೆಸರೂ ನಿಮ್ಮ ಬಿಲ್ಲಿನ ಹೆಸರೂ ಒಂದೇ ಇರಬೇಕು. ಬಿಲ್ಲಿನಲ್ಲಿ ಮೋಟಾರ್ ಶಕ್ತಿ, ಗರಿಷ್ಠ ವೇಗ, ಚಾಸಿ ಮತ್ತು ಬ್ಯಾಟರಿ ನಂಬರ್ ಬರೆಸಿಕೊಳ್ಳಿ. ‘ಲೈಸೆನ್ಸ್ ಬೇಡ ಎಂದೂ ಬರೆದು ಸೀಲ್ ಹಾಕಿ’ ಎಂದಾಗ ತಡವರಿಸುವ ಅಂಗಡಿಯಿಂದ ಹೊರಬನ್ನಿ.

ಆಮೇಲೆ ಓಡಿಸಿ ನೋಡಿ. ಸಮತಟ್ಟಾದ ಖಾಲಿ ರಸ್ತೆ ಸಾಕು. ಗಾಡಿಯ ಮೀಟರನ್ನು ನಂಬಬೇಡಿ, ಹಿಂದೆ ಕುಳಿತವರ ಮೊಬೈಲ್ ಜಿಪಿಎಸ್‌ನಲ್ಲಿ ವೇಗ ಅಳೆಯಿರಿ. ಯಾವುದೇ ಮೋಡ್‌ನಲ್ಲಿ 25 ದಾಟಿತೋ, ಆ ಗಾಡಿ ಬೇಡ.

ಹೆಚ್ಚಿನವರು ಎಡವುವುದು ಗಾಡಿ ಮನೆಗೆ ಬಂದ ಮೇಲೆ. ರಿಂಗ್ ರೋಡಿನಲ್ಲಿ ಬಸ್ಸು, ಟಿಪ್ಪರ್‌ಗಳು ಹಿಂದಿನಿಂದ ಹಾರ್ನ್ ಹೊಡೆಯುತ್ತವೆ, 25ರಲ್ಲಿ ಹೋಗಲು ಹೆದರಿಕೆಯಾಗುತ್ತದೆ. ಆ ಹೆದರಿಕೆ ನಿಜವಾದದ್ದೇ. ಆಗ ಮೆಕ್ಯಾನಿಕ್ ‘ಒಂದು ವೈರ್ ತೆಗೆದರೆ 45 ಹೋಗುತ್ತೆ ಸಾರ್’ ಎನ್ನುತ್ತಾನೆ. ವೇಗವನ್ನು 25ಕ್ಕೆ ತಡೆಯುವ ಆ ‘ಲಾಕ್’ ತೆಗೆಸಿದಿರೋ, ವಿನಾಯಿತಿಯ ಷರತ್ತು ಅಲ್ಲಿಗೇ ಮುರಿಯಿತು. ನೀವೀಗ ಓಡಿಸುತ್ತಿರುವುದು ನೋಂದಣಿ, ವಿಮೆ ಎರಡೂ ಇಲ್ಲದ ಮೋಟಾರು ವಾಹನ. ಲೈಸೆನ್ಸ್ ಇಲ್ಲದಿದ್ದರೆ ಕಾಯ್ದೆಯ ಪ್ರಕಾರ ಅದಕ್ಕೂ ಬೇರೆ 5,000 ರೂಪಾಯಿವರೆಗೆ ದಂಡ. ದಂಡವನ್ನಾದರೂ ಕಟ್ಟಿ ಮರೆಯಬಹುದು. ದಾರಿಹೋಕರಿಗೆ ಗುದ್ದಿದರೆ ಪರಿಹಾರ ಕೊಡಲು ವಿಮಾ ಕಂಪನಿ ಇರುವುದಿಲ್ಲ, ಮಾಲೀಕರ ಆಸ್ತಿಯೇ ಕರಗಬೇಕು.

ಬ್ರೇಕಿನ ಲೆಕ್ಕವನ್ನೂ ನೋಡಿ. ವೇಗ 25ರಿಂದ 45ಕ್ಕೆ ಏರಿದರೆ ಗಾಡಿಯ ಚಲನಶಕ್ತಿ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರವೂ ಅಷ್ಟೇ ಹಿಗ್ಗುತ್ತದೆ. ಬ್ರೇಕ್, ಟೈರ್, ಫ್ರೇಮ್ ಮಾತ್ರ ಹಳೆಯ ವೇಗಕ್ಕೆ ಮಾಡಿದವೇ. ಕಂಟ್ರೋಲರ್ ಹೆಚ್ಚು ಕರೆಂಟ್ ಎಳೆದು ವೈರುಗಳು ಕಾಯುತ್ತವೆ. ವೇಗ ಬೇಕಿದ್ದರೆ ಹಸಿರು ನಂಬರ್ ಪ್ಲೇಟಿನ ಗಾಡಿಯನ್ನೇ ಕೊಳ್ಳಿ. ನಿಧಾನದ ಗಾಡಿ, ಹಸಿರು ಪ್ಲೇಟಿನ ಗಾಡಿ, ಈ ಎರಡರ ನಡುವೆ ಮೂರನೆಯ ದಾರಿ ಇಲ್ಲ. ನಿಧಾನದ ಗಾಡಿಯೇ ಸಾಕೆನ್ನುವವರು ರಿಂಗ್ ರೋಡ್ ಬಿಟ್ಟು ಬಡಾವಣೆಯ ಒಳರಸ್ತೆ ಹಿಡಿಯಿರಿ.

ಮಕ್ಕಳ ಕೈಗೆ ಕೊಡುವವರು ಇನ್ನೊಂದು ಮಾತು ಕೇಳಿ. ಲಾಕ್ ತೆಗೆದ ಗಾಡಿಯನ್ನು ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಅನ್ವಯ ಪೋಷಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಆಗಬಹುದು. ಲಾಕ್ ಇರುವ ಗಾಡಿಯಾದರೂ ಎಡತಿರುವು, ಸಿಗ್ನಲ್ ಕಲಿಯದ ಹುಡುಗರನ್ನು ಮುಖ್ಯರಸ್ತೆಗೆ ಬಿಡುವುದು ನನಗೆ ಒಪ್ಪಿಗೆಯಿಲ್ಲ, ಕಾನೂನು ಸುಮ್ಮನಿದ್ದರೂ.

ಹೆಲ್ಮೆಟ್ ಕಡ್ಡಾಯ ಮೋಟಾರು ವಾಹನಕ್ಕೆ ಮಾತ್ರ ಎಂಬ ನೆಪ ಬೇಡ. ಐಎಸ್‌ಐ ಗುರುತಿನದೇ ಹಾಕಿ. ಮೋಟಾರು ವಿಮೆ ಇಲ್ಲದ ಗಾಡಿಯಾದ್ದರಿಂದ ವೈಯಕ್ತಿಕ ಅಪಘಾತ ವಿಮೆಯನ್ನಾದರೂ ಮಾಡಿಸಿಕೊಳ್ಳಿ.

ಚಾರ್ಜಿಂಗ್: ಗಾಡಿಯ ಜೊತೆ ಬಂದ ಚಾರ್ಜರ್ ಮಾತ್ರ ಬಳಸಿ. ಮೆಟ್ಟಿಲ ಕೆಳಗೆ, ಬಾಗಿಲ ಬಳಿ ಬೇಡ, ಬೆಂಕಿ ಹತ್ತಿದರೆ ಹೊರಹೋಗುವ ದಾರಿಯೇ ಮುಚ್ಚೀತು. 2022ರ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದಿನ ಕಟ್ಟಡವೊಂದರ ನೆಲಮಾಳಿಗೆಯ ಇ-ಸ್ಕೂಟರ್ ಶೋರೂಮಿನ ಬೆಂಕಿಗೆ ಮೇಲಿನ ಲಾಡ್ಜ್‌ನಲ್ಲಿದ್ದವರು ಬಲಿಯಾದರು. ಉಬ್ಬಿದ ಬ್ಯಾಟರಿ ಮುಟ್ಟಬೇಡಿ. ಇನ್ನು ದೂರಿನ ಮಾತು: ಅಂಗಡಿಯವರೇ ಲಾಕ್ ತೆಗೆದು ಮಾರಿದ್ದರೆ ಬಿಲ್ ಹಿಡಿದು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಜಿಪಿಎಸ್ ಪರೀಕ್ಷೆಯೇ ಮೊದಲು.